ಸಹಾಯ ಬೇಕು: ಹಳೆ ಕೇಮನ್ನೋ, ಹೊಸತೋ?

ನಮಸ್ಕಾರ. ನಾನು ಕಾಸರಗೋಡಿನ ಬದಿಯಡ್ಕ ಕಡೆಯವನು. ದುಬೈಯಿಂದ ಊರಿಗೆ ವಾಪಸ್ ಬಂದಿದ್ದೇನೆ, ಸೆಕೆಂಡ್ ಹ್ಯಾಂಡ್ ಪೋರ್ಷೆ ಕೇಮನ್ ತಗೊಳ್ಳುವ ಹುಚ್ಚು ಹತ್ತಿದೆ. ಬೆಂಗಳೂರಲ್ಲಿ ಎರಡು ನೋಡಿದೆ.

ಒಂದು 2010ರದ್ದು, 987 ಅನ್ನುವ ಹಳೆ ಮಾಡೆಲ್: 2.9 ಲೀಟರ್, 265 ಎಚ್‌ಪಿ. ಇನ್ನೊಂದು 2014ರದ್ದು, ಅದರ ನಂತರದ 981 ಮಾಡೆಲ್: 2.7 ಲೀಟರ್, 275. ಎರಡಕ್ಕೂ ಆರು ಸಿಲಿಂಡರ್, ಟರ್ಬೊ ಇಲ್ಲ.

ಹಳೆಯದರ ಸ್ಟೀರಿಂಗ್ ಹೈಡ್ರಾಲಿಕ್. ರಸ್ತೆಯ ಸಣ್ಣ ಹೊಂಡವೂ ಅಂಗೈಗೆ ಗೊತ್ತಾಗುತ್ತದೆ. ಹೊಸದರದ್ದು ಎಲೆಕ್ಟ್ರಿಕ್, ಹಗುರ, ಆದರೆ ನನಗೆ ಸ್ವಲ್ಪ ಸಪ್ಪೆ ಅನಿಸಿತು. 2009ಕ್ಕಿಂತ ಹಿಂದಿನವಕ್ಕಿದ್ದ ಐಎಂಎಸ್ ಬೇರಿಂಗ್ (ಎಂಜಿನ್ ಒಳಗಿನ ಒಂದು ಶಾಫ್ಟಿನ ಬೇರಿಂಗ್, ಅದು ಹೋದರೆ ಎಂಜಿನ್ನೇ ಹಾಳು) ತಲೆನೋವು ಈ 987ಕ್ಕಿಲ್ಲ, ಆ ಬೇರಿಂಗನ್ನೇ ತೆಗೆದಿದ್ದಾರೆ. ಆದರೆ ಡ್ರೈವರ್ ಸೀಟಿನ ಅಂಚು ಸವೆದು ಬಿಳಿಚಿದೆ, ಹಿಂದಿನ ಟಯರುಗಳ ಒಳಬದಿ ಬೋಳು. ಮೀಟರ್ ಮಾತ್ರ 31,000 ಕಿ.ಮೀ. ತೋರಿಸ್ತದೆ. ನಂಬಬಹುದಾ?

ಅದಕ್ಕೆ 15 ವರ್ಷ ತುಂಬಿದೆ, ಆರ್‌ಸಿ ರಿನ್ಯೂ ಆಗಬೇಕು. ಮೇಲೆ ಎನ್‌ಓಸಿ, ಕೇರಳದ ತೆರಿಗೆ. ಇಷ್ಟು ಹಳೆ ಕೆಎ ಗಾಡಿಯನ್ನು ಕೆಎಲ್ 14 (ಕಾಸರಗೋಡು ನೋಂದಣಿ) ಮಾಡಿಸಿದವರು ಯಾರಾದ್ರೂ ಇದ್ದೀರಾ? ಎಷ್ಟು ಓಡಾಟ ಆಯ್ತು?

ನಮ್ಮ ಮನೆ ದಾರಿ ಬೇರೆ ಮುರಕಲ್ಲಿನದ್ದು, ಅಡಿ ತಾಗುವ ಹೆದರಿಕೆ. "ಒಂದು ಗೋಣಿ ಅಡಿಕೆ ಹಾಕಲಿಕ್ಕೂ ಜಾಗ ಇಲ್ವಲ್ಲ ಮಾರಾಯ" ಅಂತ ಅಪ್ಪ ಸುಮ್ನೆ ನಗ್ತಾರೆ. ಶನಿವಾರದೊಳಗೆ ಅಡ್ವಾನ್ಸ್ ಕೊಡಬೇಕು. ಗೊತ್ತಿದ್ದವರು ಹೇಳಿ.