ಝೀಟಾ ಸೊನ್ನೆಗಳ ನಡುವಿನ ಅಂತರದಲ್ಲಿ ಏನಾದರೂ ಲೆಕ್ಕ ಇದೆಯಾ?

ಪ್ರಶ್ನೆ: ಮೇಡಂ, ರೀಮನ್ ಝೀಟಾ ಫಂಕ್ಷನ್‌ನ ಸೊನ್ನೆಗಳ (ಅದರ ಬೆಲೆ ಸೊನ್ನೆಯಾಗುವ ಜಾಗಗಳ) ಪಟ್ಟಿ ಹಿಡಿದು ಪಕ್ಕಪಕ್ಕದವುಗಳ ಅಂತರ ತೆಗೆದೆ. ಮೊದಲ ಎರಡರ ನಡುವೆ 6.89. ಎಂಟು ಮತ್ತು ಒಂಬತ್ತರ ನಡುವೆ 4.68, ಅದರ ಮುಂದಿನದೇ 1.77! ಮೇಲೆ ಹೋದ ಹಾಗೆ ಒಟ್ಟಾರೆ ಕಿರಿದಾಗುತ್ತವೆ ಅನ್ನೋದು ಬಿಟ್ಟರೆ ಗ್ರಾಫಿನಲ್ಲಿ ಏನೂ ಕಾಣಲಿಲ್ಲ. ಇದಕ್ಕೂ ಪರಮಾಣು ಭೌತಶಾಸ್ತ್ರಕ್ಕೂ ನಂಟಿದೆ ಅಂತಾರಲ್ಲ, ಅದು ಎಲ್ಲಿ ಕಾಣುತ್ತದೆ?

ಉತ್ತರ: ಒಂದು ಹೆಜ್ಜೆ ಬಾಕಿ ಇದೆ ಅಷ್ಟೇ. ಪಟ್ಟಿಯಲ್ಲಿ ಸೊನ್ನೆಗೆ ಕೊಟ್ಟಿರುವ ಸಂಖ್ಯೆಯೇ ಅದರ ಎತ್ತರ; ಪ್ರತಿ ಅಂತರವನ್ನೂ ಆ ಎತ್ತರದ ಸರಾಸರಿ ಅಂತರದಿಂದ ಭಾಗಿಸಬೇಕು. ಸರಾಸರಿ ಸಿಗೋದು ಹೀಗೆ: ಎತ್ತರವನ್ನು 2 ಪೈನಿಂದ ಭಾಗಿಸಿ, ಬಂದದ್ದರ ನ್ಯಾಚುರಲ್ ಲಾಗ್ ತೆಗೆಯಿರಿ, ಆ ಲಾಗ್‌ನಿಂದ 2 ಪೈಯನ್ನು ಭಾಗಿಸಿ. ನಿಮ್ಮ 1.77 ಇರುವುದು 49ರ ಹತ್ತಿರ, ಅಲ್ಲಿ ಸರಾಸರಿ 3.06, ಹಾಗಾಗಿ ಅದು 0.58 ಆಗುತ್ತದೆ. 4.68 ಅನ್ನೋದು 1.48 ಆಗುತ್ತದೆ. ಈಗ ಹಿಸ್ಟೋಗ್ರಾಮ್ ಹಾಕಿ, ಎಡತುದಿ ನೋಡಿ. ಸೊನ್ನೆಗಳು ಒಂದಕ್ಕೊಂದು ಸಂಬಂಧವೇ ಇಲ್ಲದೆ ಬಿದ್ದಿದ್ದರೆ 0.1ಕ್ಕಿಂತ ಚಿಕ್ಕ ಅಂತರಗಳು ಸಾವಿರಕ್ಕೆ 95ರಷ್ಟು ಸಿಗಬೇಕಿತ್ತು. ರ‍್ಯಾಂಡಮ್ ಮ್ಯಾಟ್ರಿಕ್ಸ್ ಲೆಕ್ಕದಲ್ಲಿ, ಅಂದರೆ ಯಾದೃಚ್ಛಿಕ ಸಂಖ್ಯೆಗಳನ್ನು ತುಂಬಿದ ಚೌಕ ಕೋಷ್ಟಕಗಳ ಐಗನ್ ಮೌಲ್ಯಗಳ (ಅವುಗಳಿಂದ ಸಿಗುವ ವಿಶಿಷ್ಟ ಸಂಖ್ಯೆಗಳ) ಅಂತರದ ಲೆಕ್ಕದಲ್ಲಿ, ಸಾವಿರಕ್ಕೆ ಸುಮಾರು ಒಂದೇ ಒಂದು! ಸೊನ್ನೆಗಳು ಈ ಎರಡನೇ ಲೆಕ್ಕದ ಕಡೆಗೇ ಇವೆ, ಒಂದನ್ನೊಂದು ದೂರ ತಳ್ಳುತ್ತವೆ. 1972ರಲ್ಲಿ ಗಣಿತಜ್ಞ ಹ್ಯೂ ಮಾಂಟ್ಗಮರಿ ಸೊನ್ನೆಗಳ ಜೋಡಿ ಅಂತರಕ್ಕೆ ತಾವು ಕಂಡ ಸೂತ್ರವನ್ನು ಪ್ರಿನ್ಸ್‌ಟನ್‌ನಲ್ಲಿ ಚಹಾ ಹೊತ್ತಿಗೆ ಭೌತವಿಜ್ಞಾನಿ ಫ್ರೀಮನ್ ಡೈಸನ್‌ಗೆ ಹೇಳಿದಾಗ, ಅವರು ತಕ್ಷಣ ಗುರುತು ಹಿಡಿದರು. ಭಾರವಾದ ಪರಮಾಣು ಬೀಜಗಳ ಶಕ್ತಿ ಮಟ್ಟಗಳಿಗೆ ಭೌತವಿಜ್ಞಾನಿಗಳು ಬಳಸುತ್ತಿದ್ದ ರ‍್ಯಾಂಡಮ್ ಮ್ಯಾಟ್ರಿಕ್ಸ್‌ಗಳಲ್ಲೂ ಅದೇ ಸೂತ್ರ ಬರುತ್ತದೆ. ನನಗಂತೂ ಇಡೀ ಗಣಿತದಲ್ಲಿ ಇದಕ್ಕಿಂತ ಚೆಂದದ ಭೇಟಿ ಇನ್ನೊಂದಿಲ್ಲ.

ಪ್ರಶ್ನೆ: ದೂರ ತಳ್ಳುತ್ತವೆ ಅಂದರೆ, 7005ರ ಹತ್ತಿರ ಎರಡು ಸೊನ್ನೆ ಅಂಟಿಕೊಂಡ ಹಾಗೆ ಇವೆಯಲ್ಲ ಮೇಡಂ?

ಉತ್ತರ: ಲೆಹ್ಮರ್ ಜೋಡಿ! 7005.063 ಮತ್ತು 7005.101. ಅಂತರ 0.038, ಅಲ್ಲಿನ ಸರಾಸರಿ 0.9ರ ಹತ್ತಿರ, ಅಂದರೆ ಸರಾಸರಿಯ ಇಪ್ಪತ್ನಾಲ್ಕನೇ ಒಂದು ಭಾಗ. ಇಷ್ಟು ಚಿಕ್ಕದು ಬರೋದೇ ಇಲ್ಲ ಅಂತಲ್ಲ, ಅಪರೂಪ ಅಂತ. ಅದೇ ಮ್ಯಾಟ್ರಿಕ್ಸ್ ಲೆಕ್ಕ ಹಾಕಿದರೆ ಸುಮಾರು ಹನ್ನೆರಡು ಸಾವಿರಕ್ಕೆ ಒಂದು ಬರಬೇಕು. ಆ ಎತ್ತರದ ತನಕ ಇರುವ ಸೊನ್ನೆಗಳೇ 6,700 ಚಿಲ್ಲರೆ, ಹಾಗಾಗಿ ಒಂದು ಸಿಕ್ಕಿದ್ದರಲ್ಲಿ ಲೆಕ್ಕ ತಪ್ಪಿದ್ದೇನೂ ಇಲ್ಲ.

ಪ್ರಶ್ನೆ: ಹಾಗಾದರೆ ಇದು ಸಾಬೀತಾಗಿದೆಯಾ?

ಉತ್ತರ: ಇಲ್ಲ. ರೀಮನ್ ಊಹೆ (ಈ ಸೊನ್ನೆಗಳೆಲ್ಲ ಒಂದೇ ನೇರ ಗೆರೆಯ ಮೇಲಿವೆ ಅನ್ನೋದು) ನಿಜ ಅಂತ ಒಪ್ಪಿಕೊಂಡು ಮಾಂಟ್ಗಮರಿ ಒಂದು ಭಾಗವನ್ನಷ್ಟೇ ಸಾಧಿಸಿದರು, ಉಳಿದದ್ದು ಇನ್ನೂ ಊಹೆಯೇ. ಆದರೆ ಗಣಿತಜ್ಞ ಆಂಡ್ರೂ ಒಡ್ಲಿಜ್ಕೊ 1987ರಲ್ಲಿ ಲಕ್ಷ ಕೋಟಿಯನೇ ಸೊನ್ನೆಯ ಸುತ್ತಮುತ್ತ ಒಂದು ಲಕ್ಷ ಸೊನ್ನೆಗಳ ಲೆಕ್ಕ ಪ್ರಕಟಿಸಿದರು, ಗ್ರಾಫ್ ಬಹಳ ಚೆನ್ನಾಗಿ ಹೊಂದಿತು. ಒಂದು ಮಾತು ಮಾತ್ರ ನೆನಪಿರಲಿ: ಈ ಹೊಂದಾಣಿಕೆ ಹತ್ತಿರದ ಸೊನ್ನೆಗಳಿಗೆ. ಬಹಳ ದೂರದ ಸೊನ್ನೆಗಳನ್ನು ಹೋಲಿಸಿದರೆ ಮ್ಯಾಟ್ರಿಕ್ಸ್ ದಾರಿ ಬಿಟ್ಟು ಬೇರೆ ಏರಿಳಿತ ಕಾಣುತ್ತದೆ, ಅದು 2, 3, 5ರಂಥ ಚಿಕ್ಕ ಅವಿಭಾಜ್ಯ ಸಂಖ್ಯೆಗಳಿಂದ ಬರುತ್ತದೆ ಅಂತ ಭೌತವಿಜ್ಞಾನಿ ಮೈಕಲ್ ಬೆರಿ ವಿವರಿಸಿದ್ದಾರೆ. ನಿಮ್ಮ ಪಟ್ಟಿಯಲ್ಲಿ ಹತ್ತು ಸಾವಿರ ಸೊನ್ನೆ ಇದ್ದರೆ ಮೊದಲು ಎಡತುದಿಯನ್ನೇ ನೋಡಿ, ಗ್ರಾಫ್ ಇಲ್ಲಿ ಹಾಕಿ, ಮುಂದೆ ಮಾತಾಡೋಣ.