ಕೋಳಿಯ ಪುಕ್ಕ ಉದುರಿ ಚರ್ಮ ಕೆಂಪಾಗಿದೆ: ಹೇನೋ, ನುಸಿಯೋ, ಹುಂಜದ ಕಾಟವೋ?

ಪ್ರಶ್ನೆ (ತುರುವೇಕೆರೆ ಕಡೆಯಿಂದ): ನಮಸ್ಕಾರ ಡಾಕ್ಟ್ರೇ. ಹಿತ್ತಲಲ್ಲಿ ಒಂಬತ್ತು ಹೇಟೆ, ಎರಡು ಹುಂಜ ಇವೆ. ನಾಟಿ, ಗಿರಿರಾಜ ಎರಡೂ ಸೇರಿವೆ. ನಾಲ್ಕು ಹೇಟೆಗಳಿಗೆ ಬೆನ್ನ ಮೇಲೆ ಮತ್ತು ಮೊಟ್ಟೆ ಇಡುವ ಜಾಗದ ಸುತ್ತ ಪುಕ್ಕ ಹೋಗಿ ಚರ್ಮ ಕೆಂಪಗೆ ಕಾಣುತ್ತಿದೆ. ಮೊಟ್ಟೆ ಅರ್ಧಕ್ಕಿಳಿದಿದೆ. ಸಂಜೆ ಗೂಡಿಗೆ ಹೋಗದೆ ಸೀಬೆ ಮರ ಹತ್ತುತ್ತವೆ. ಪುಕ್ಕ ಉದುರುವ ಕಾಲ ಅಂತಾರೆ, ಹೌದಾ?

ಉತ್ತರ (ಪಶುವೈದ್ಯೆ): ನಮಸ್ಕಾರ. ಇದು ಪುಕ್ಕ ಬದಲಿಸುವ ಕಾಲದ್ದಲ್ಲ. ಹಾಗೆ ಬದಲಿಸುವಾಗ ಮೊದಲು ತಲೆ, ಕತ್ತು, ಆಮೇಲೆ ಎದೆ, ರೆಕ್ಕೆ, ಕೊನೆಗೆ ಬಾಲ ಎಂದು ಸಾಲಾಗಿ ಉದುರುತ್ತದೆ. ಚರ್ಮ ಶುಭ್ರವಾಗಿರುತ್ತದೆ, ಮುಳ್ಳಿನಂಥ ಹೊಸ ಪುಕ್ಕ ಚುಚ್ಚಿಕೊಂಡು ಬರುತ್ತಿರುತ್ತದೆ. ಆಗಲೂ ಮೊಟ್ಟೆ ನಿಲ್ಲುತ್ತದೆ, ಎರಡು ಮೂರು ತಿಂಗಳಲ್ಲಿ ತಾನೇ ಸರಿಹೋಗುತ್ತದೆ. ನೀವು ಹೇಳುತ್ತಿರುವುದರಲ್ಲಿ ಎರಡು ತೊಂದರೆ ಒಟ್ಟಿಗಿವೆ.

ಬೆನ್ನಿನದು ಹುಂಜದ ಕಾಟ. ಎಂಟು ಹತ್ತು ಹೇಟೆಗೆ ಒಂದು ಹುಂಜ ಸಾಕು. ಎರಡಿದ್ದರೆ ಇಷ್ಟವಾದ ಹೇಟೆಗಳನ್ನೇ ಮತ್ತೆ ಮತ್ತೆ ಮೆಟ್ಟಿ, ಉಗುರಿನಿಂದ ಬೆನ್ನು ಗೀರುತ್ತವೆ. ಒಂದನ್ನು ಬೇರೆ ಮಾಡಿ, ಉಳಿದದ್ದರ ಕಾಲುಮುಳ್ಳಿನ ಮೊನೆಯನ್ನು ಮಾತ್ರ ಅರದಿಂದ ಉಜ್ಜಿ ಮೊಂಡು ಮಾಡಿ. ಬುಡಕ್ಕೆ ಹೋಗಬೇಡಿ, ಅಲ್ಲಿ ರಕ್ತನಾಳವಿದೆ.

ಹಿಂಭಾಗದ್ದು ಕೀಟದ ಕೆಲಸ. ಹಗಲಲ್ಲಿ ಕೋಳಿ ಹಿಡಿದು ಆ ಜಾಗದ ಪುಕ್ಕ ಬಿಡಿಸಿ ನೋಡಿ. ಹುಲ್ಲಿನ ಬಣ್ಣದ, ಚಪ್ಪಟೆ, ಬೆಳಕು ಬಿದ್ದ ಕೂಡಲೇ ಓಡುವ ಹುಳುಗಳಿದ್ದು, ಪುಕ್ಕದ ಬುಡದಲ್ಲಿ ಬಿಳಿ ಉಂಡೆಯಂತೆ ಮೊಟ್ಟೆ ಅಂಟಿದ್ದರೆ ಅದು ಹೇನು. ಪುಕ್ಕವೇ ಕಪ್ಪಗೆ, ಜಿಡ್ಡಾಗಿ, ಚರ್ಮ ಹಕ್ಕಳೆಗಟ್ಟಿದ್ದು, ನಿಮ್ಮ ಕೈ ಮೇಲೂ ಸಾಸಿವೆಗಿಂತ ಸಣ್ಣ ಚುಕ್ಕಿಗಳು ಹರಿದಾಡಿದರೆ ನುಸಿ. ಕಾವು ಕೂತ ಬುಟ್ಟಿಯಲ್ಲಿ ಇದು ಬೇಗ ಹೆಚ್ಚುತ್ತದೆ. ಮರಿ ಎದ್ದ ಮೇಲೆ ಹುಲ್ಲನ್ನು ಸುಡಬೇಕು, ತಿಪ್ಪೆಗೆ ಎಸೆದರೆ ಪ್ರಯೋಜನವಿಲ್ಲ.

ಗೂಡಿಗೆ ಹೋಗದಿರುವುದು ಇನ್ನೊಂದು ಸುಳಿವು. ಕೆಂಪು ನುಸಿ ಹಗಲೆಲ್ಲ ಗೂಡಿನ ಮರದ ಸಂದಿಯಲ್ಲಿ ಅಡಗಿದ್ದು ರಾತ್ರಿ ಮಾತ್ರ ರಕ್ತ ಹೀರುತ್ತದೆ, ಹಗಲಲ್ಲಿ ಕೋಳಿ ಮೈಮೇಲೆ ಸಿಗುವುದಿಲ್ಲ. ರಾತ್ರಿ ಒಂಬತ್ತರ ಮೇಲೆ ಟಾರ್ಚ್ ಹಿಡಿದು ಹೋಗಿ, ಅಡ್ಡಗೋಲಿನ ಅಡಿಭಾಗವನ್ನು ಬಿಳಿ ಕಾಗದದಿಂದ ಒತ್ತಿ ಒರೆಸಿ. ರಕ್ತದ ಗೀಟು ಬಿದ್ದರೆ ಅನುಮಾನವೇ ಬೇಡ.

ಚಿಕಿತ್ಸೆ ಕೋಳಿಗೂ ಗೂಡಿಗೂ ಒಂದೇ ದಿನ ಆಗಬೇಕು. ಕೋಳಿಗೆ ಮಾತ್ರ ಪುಡಿ ಹಾಕಿ ಗೂಡು ಬಿಡುವುದರಿಂದಲೇ ಹೆಚ್ಚಿನ ಮನೆಗಳಲ್ಲಿ ತಿಂಗಳೊಳಗೆ ಮತ್ತೆ ಶುರುವಾಗುತ್ತದೆ. ಕೋಳಿಗೆ ಬಳಸಬಹುದೆಂದು ಚೀಟಿಯಲ್ಲಿ ಬರೆದಿರುವ ಪರ್ಮೆಥ್ರಿನ್ ಪುಡಿ ತನ್ನಿ. ಸಂಜೆ ಹೊತ್ತು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕೋಳಿಯನ್ನು ಕಂಕುಳಲ್ಲಿ ಹಿಡಿದು, ಪುಕ್ಕವನ್ನು ಎದುರುಮುಖವಾಗಿ ಸವರುತ್ತ ಚರ್ಮಕ್ಕೆ ತಾಗುವಂತೆ ಹಾಕಿ: ಹಿಂಭಾಗ, ರೆಕ್ಕೆಯಡಿ, ಕತ್ತಿನ ಹಿಂದೆ. ಕಣ್ಣು, ಕೊಕ್ಕು, ತೆರೆದ ಗಾಯ ಬಿಡಿ. ಹೇನಿನ ಮೊಟ್ಟೆ ಈ ಪುಡಿಗೆ ಸಾಯುವುದಿಲ್ಲ. ಆದ್ದರಿಂದ 7ರಿಂದ 10 ದಿನದೊಳಗೆ ಎರಡನೇ ಸಲ ಹಾಕಲೇಬೇಕು. ಲಕ್ಷಣವಿಲ್ಲದ ಕೋಳಿಗಳಿಗೂ ಹಾಕಿ.

ಗೂಡಿನ ಹಾಸು ಪೂರ್ತಿ ತೆಗೆದು ಸುಡಿ. ಅಡ್ಡಗೋಲು ಕಳಚಿ ಕುದಿಯುವ ನೀರು ಸುರಿಯಿರಿ. 1.25% ಡೆಲ್ಟಾಮೆಥ್ರಿನ್ ಎಂಬ ಕೀಟನಾಶಕ ದ್ರವವನ್ನು ಲೀಟರ್ ನೀರಿಗೆ 4 ಮಿಲಿ ಬೆರೆಸಿ, ಕೋಳಿ, ನೀರು, ಮೇವು ಎಲ್ಲ ಹೊರಗಿಟ್ಟು, ಸಂದಿಸಂದಿಗೆ ಸಿಂಪಡಿಸಿ. ಪೂರ್ತಿ ಒಣಗಿದ ಮೇಲಷ್ಟೇ ಕೋಳಿ ಬಿಡಿ. ವಾರ ಬಿಟ್ಟು ಇನ್ನೊಮ್ಮೆ ಮಾಡಿ. ಗೋಡೆಗೆ ಸುಣ್ಣ ಬಳಿದರೆ ಬಿರುಕು ಮುಚ್ಚುತ್ತದೆ. ಖಾಲಿ ಬಿಟ್ಟರೆ ತಾನೇ ಸಾಯುತ್ತವೆ ಎಂದುಕೊಳ್ಳಬೇಡಿ, ಕೆಂಪು ನುಸಿ ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ.

ಪ್ರಶ್ನೆ: ತೋಟಕ್ಕೆ ತಂದ ಕ್ಲೋರ್‌ಪೈರಿಫಾಸ್ ಮನೆಯಲ್ಲೇ ಇದೆ ಮೇಡಂ, ನೀರು ಜಾಸ್ತಿ ಬೆರೆಸಿ ಕೋಳಿ ಅದ್ದಿ ತೆಗೆಯಬಹುದಾ?

ಉತ್ತರ: ದಯವಿಟ್ಟು ಬೇಡ. ಅದು ನರಕ್ಕೆ ಹೊಡೆಯುವ ವಿಷ. ಬಾಯಲ್ಲಿ ಜೊಲ್ಲು ಬಂದು, ಕಾಲು ಸೋತು, ಕೋಳಿ ಕೆಲವೇ ಗಂಟೆಗಳಲ್ಲಿ ಸಾಯಬಹುದು. ಬದುಕಿದರೂ ಮೊಟ್ಟೆಯ ಮೂಲಕ ಮಕ್ಕಳ ಹೊಟ್ಟೆಗೆ ಹೋಗುತ್ತದೆ. ಹುಳ, ನುಸಿಗೆ ಕೊಡುವ ಐವರ್‌ಮೆಕ್ಟಿನ್ ಇಂಜೆಕ್ಷನ್ನನ್ನೂ ನೀವೇ ಕೊಡಬೇಡಿ, ಅದರ ಅಂಶವೂ ಮೊಟ್ಟೆಯಲ್ಲಿ ಉಳಿಯುತ್ತದೆ. ಯಾವ ಔಷಧಿ ಹಾಕಿದರೂ ಮೊಟ್ಟೆ ಎಷ್ಟು ದಿನ ತಿನ್ನಬಾರದೆಂದು ಚೀಟಿಯಲ್ಲಿ ಓದಿ. ಬರೆದಿರದಿದ್ದರೆ ಹಾಕುವ ಮೊದಲೇ ವೈದ್ಯರನ್ನು ಕೇಳಿ.

ಪ್ರಶ್ನೆ: ಬೂದಿಯಲ್ಲಿ ಹೊರಳಾಡಲು ಬಿಟ್ಟರೆ ಸಾಲದೇ?

ಉತ್ತರ: ಬಾರದಂತೆ ತಡೆಯಲು ಬಹಳ ಒಳ್ಳೆಯದು, ಹತ್ತಿದ್ದನ್ನು ಪೂರ್ತಿ ಬಿಡಿಸಲು ಸಾಲದು. ಜರಡಿ ಹಿಡಿದ ಸೌದೆ ಬೂದಿ ಒಂದು ಪಾಲು, ಒಣ ಮರಳು ಮಣ್ಣು ಮೂರು ಪಾಲು, ಅರ್ಧ ಅಡಿ ಆಳ ಇರಲಿ. ಮೇಲೆ ತಗಡಿನ ನೆರಳು ಬೇಕೇ ಬೇಕು. ನೆನೆದ ಬೂದಿ ಕ್ಷಾರವಾಗಿ, ಮೊದಲೇ ಕೆಂಪಾದ ಚರ್ಮವನ್ನು ಸುಡುತ್ತದೆ. ಪ್ಲಾಸ್ಟಿಕ್ ಸುಟ್ಟ ಒಲೆಯ ಬೂದಿ ಬೇಡ.

ಪ್ರಶ್ನೆ (ಶಿರಸಿ): ನಮ್ಮ ಹುಂಜದ ಕಾಲಿನ ಪೊರೆ ಎದ್ದು ಸುಣ್ಣ ಮೆತ್ತಿದ ಹಾಗಾಗಿದೆ. ಸೀಮೆಎಣ್ಣೆ ಹಚ್ಚಿ ಅಂತಾರೆ.

ಉತ್ತರ: ಅದೂ ನುಸಿಯೇ, ಪೊರೆಯ ಒಳಗೆ ಸುರಂಗ ಕೊರೆಯುವ ಜಾತಿ. ಸೀಮೆಎಣ್ಣೆ ಚರ್ಮ ಬೊಬ್ಬೆ ಎಬ್ಬಿಸುತ್ತದೆ, ಬೇಡ. ಉಗುರುಬೆಚ್ಚಗಿನ ಸೋಪುನೀರಲ್ಲಿ ಹತ್ತು ನಿಮಿಷ ಕಾಲು ನೆನೆಸಿ, ಹಳೆ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ಒರೆಸಿ, ದಪ್ಪಗೆ ವ್ಯಾಸಲಿನ್ ಹಚ್ಚಿ. ಗಾಳಿ ಸಿಗದೆ ನುಸಿ ಸಾಯುತ್ತದೆ. ಎರಡು ದಿನಕ್ಕೊಮ್ಮೆ, ಕನಿಷ್ಠ ಮೂರು ವಾರ ಬೇಕು. ಪೊರೆ ಕಿತ್ತು ತೆಗೆಯಬೇಡಿ, ರಕ್ತ ಬರುತ್ತದೆ.

ಪ್ರಶ್ನೆ: ನಮ್ಮವು ಒಂದರ ಬಾಲದ ಬುಡವನ್ನು ಇನ್ನೊಂದು ಕುಕ್ಕಿ ಪುಕ್ಕ ತಿನ್ನುತ್ತಿವೆ. ಅಕ್ಕಿ ನುಚ್ಚು, ಜೋಳ ಹಾಕುತ್ತೇವೆ.

ಉತ್ತರ: ಕೊರತೆ ಅಲ್ಲೇ ಇದೆ. ಪುಕ್ಕ ಬಹುಪಾಲು ಪ್ರೋಟೀನ್. ಮೊಟ್ಟೆ ಕೋಳಿಯ ಮೇವಿನಲ್ಲಿ 16–18% ಪ್ರೋಟೀನ್ ಬೇಕು, ನುಚ್ಚು ಜೋಳದಲ್ಲಿ ಸುಮಾರು ಅದರ ಅರ್ಧದಷ್ಟೇ ಇರುತ್ತದೆ. 20 ಕಿಲೋ ಮಿಶ್ರಣಕ್ಕೆ ಮುಸುಕಿನ ಜೋಳದ ನುಚ್ಚು 10, ಅಕ್ಕಿ ತೌಡು 3, ಸೋಯಾ ಹಿಂಡಿ 4, ಉಪ್ಪು ಹಾಕದ ಒಣಮೀನಿನ ಪುಡಿ 1, ಚಿಪ್ಪಿನ ಪುಡಿ 1.6 ಕಿಲೋ, ಕೋಳಿಯ ಖನಿಜ ಮಿಶ್ರಣ 400 ಗ್ರಾಂ. ದಿನಕ್ಕೆ ಕೋಳಿಗೆ 100–120 ಗ್ರಾಂ. ಅಡುಗೆಗೆ ತರುವ ಉಪ್ಪುಮೀನು ಹಾಕಬೇಡಿ, ಉಪ್ಪೇ ವಿಷವಾಗುತ್ತದೆ. ಬೂಸಲು ಹಿಡಿದ ಕಡಲೆಕಾಯಿ ಹಿಂಡಿಯೂ ಬೇಡ.

ರಕ್ತ ಬಂದ ಕೋಳಿಯನ್ನು ಇವತ್ತೇ ಬೇರೆ ಮಾಡಿ. ಕೆಂಪು ಕಂಡರೆ ಉಳಿದವೆಲ್ಲ ಅಲ್ಲಿಗೇ ಕುಕ್ಕುತ್ತವೆ. ಪೊವಿಡೋನ್ ಅಯೋಡಿನ್ ನೀರಲ್ಲಿ ತೊಳೆದು, ನೊಣ ಕೂರದಂತೆ ಬೇವಿನೆಣ್ಣೆಯನ್ನು ಗಾಯದ ಅಂಚಿಗೆ ಸವರಿ. ಮಳೆಗಾಲದಲ್ಲಿ ಒಂದೇ ದಿನದಲ್ಲಿ ಹುಳ ಬೀಳುತ್ತದೆ.

ಪ್ರಶ್ನೆ: ಆಸ್ಪತ್ರೆಗೆ ಯಾವಾಗ ತರಬೇಕು?

ಉತ್ತರ: ಜುಟ್ಟು ಬಿಳಿಚಿಕೊಂಡರೆ, ಹಸಿರು ಬೇಧಿಯಾದರೆ, ಜ್ವರ ಬಂದು ಕಾಲು ಸೋತರೆ ಕಾಯಬೇಡಿ. ಗೂಡಿನ ಸಂದಿಯಲ್ಲಿರುವ ಉಣ್ಣಿ ಕಚ್ಚಿ ಹರಡುವ ರೋಗದಲ್ಲಿ ಹೀಗಾಗುತ್ತದೆ, ಅದಕ್ಕೆ ಆಂಟಿಬಯಾಟಿಕ್ ಇಂಜೆಕ್ಷನ್ ಬೇಕು. ಎರಡು ಸಲ ಪುಡಿ ಹಾಕಿಯೂ ಪುಕ್ಕ ಬುಡದಲ್ಲೇ ಮುರಿಯುತ್ತಿದ್ದರೆ ಚರ್ಮದೊಳಗಿನ ನುಸಿ ಇರಬಹುದು. ಮುರಿದ ನಾಲ್ಕಾರು ಪುಕ್ಕಗಳನ್ನು ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಕೋಳಿಯ ಜೊತೆಗೇ ತನ್ನಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.