ಮಾಳಿಗೆ ಕುಂಡಗಳನ್ನು ಅಳಿಲು ಬಗೆದು ಹಾಕುತ್ತಿದೆ, ಗುಬ್ಬಿಗೆ ಇಟ್ಟ ಕಾಳೂ ಉಳಿಯುತ್ತಿಲ್ಲ

ಮಾಳಿಗೆ ತೋಟ, ಗಂಗಾವತಿ

ಮಾಳಿಗೆ ಮೇಲೆ ಪುದೀನ, ಮೆಂತ್ಯ, ಟೊಮೆಟೊ, ಗುಲಾಬಿ ಕುಂಡ ಇಟ್ಟಿದ್ದೇವೆ. ಪಕ್ಕದ ಬೇವಿನ ಮರದ ಕೊಂಬೆ ನಮ್ಮ ಗೋಡೆಗೇ ತಾಗಿದೆ, ಅಳಿಲು ಅಲ್ಲಿಂದ ನೇರ ಇಳಿಯುತ್ತೆ. ಕುಂಡದ ಅಂಚಿಗೆ ಕೂತು ಮುಂಗಾಲಲ್ಲಿ ಮಣ್ಣು ಬಗೆದು ಬಗೆದು ಹೊರಗೆ ಚೆಲ್ಲುತ್ತೆ, ಬೇರು ಮೇಲೆ ಬಂದು ಮಧ್ಯಾಹ್ನದ ಬಿಸಿಲಿಗೆ ಸಸಿ ಸುಟ್ಟಂಗೆ ಆಗುತ್ತೆ. ಕುಂಡಕ್ಕೆ ಶೇಂಗಾ ಹಿಂಡಿ ಉದುರಿಸಿದ ಮೇಲಂತೂ ಕಾಟ ಜಾಸ್ತಿ. ಗುಬ್ಬಿಗೆ ಅಂತ ಬಾಟಲಿ ಕೊಯ್ದು ಅದರಲ್ಲಿ ನುಚ್ಚು, ಒಡೆದ ಶೇಂಗಾ ಹಾಕಿ ತೂಗು ಬಿಟ್ಟಿದ್ದೇವೆ. ಅಳಿಲು ತಲೆ ಕೆಳಗೆ ಮಾಡಿ ಜೋತುಬಿದ್ದು ಎಲ್ಲಾ ತಿನ್ನುತ್ತೆ, ಗುಬ್ಬಿಗಳು ತಂತಿ ಮೇಲೆ ಕೂತು ನೋಡ್ತಾ ಇರ್ತವೆ. ಅಂಟಿನ ಹಲಗೆ ಇಡಿ, ಡಾಂಬರು ಗುಳಿಗೆ ಹಾಕಿ ಅಂತ ಕೆಲವರು ಹೇಳಿದರು. ಅಳಿಲಿಗೆ ನೋವಾಗಬಾರದು. ಬೇರೆ ದಾರಿ ಇದ್ರೆ ಹೇಳಿ.

ಕೋಟೆ ಕೆಳಗಿನವ, ಬಳ್ಳಾರಿ

ಅಕ್ಕಾ, ಅಂಟಿನ ಹಲಗೆ ದಯವಿಟ್ಟು ಬೇಡ. ಅದಕ್ಕೆ ಗುಬ್ಬಿಯೂ ಸಿಕ್ಕಿಬೀಳುತ್ತೆ, ಬಿಡಿಸೋಕೆ ಹೋದ್ರೆ ರೆಕ್ಕೆ ಕಿತ್ತು ಬರುತ್ತೆ. ಡಾಂಬರು ಗುಳಿಗೆ ವಿಷ, ತಿನ್ನೋ ಸೊಪ್ಪಿನ ಕುಂಡಕ್ಕೆ ಹಾಕಲೇಬಾರದು.

ಅಳಿಲು ಬಗೆಯೋದು ಹಿಂಡಿಗಾಗಿ. ಶೇಂಗಾ ವಾಸನೆ ಇರೋ ಮಣ್ಣನ್ನು ಅದು ಬಿಡೋದಿಲ್ಲ. ಒಣ ಹಿಂಡಿ ಉದುರಿಸೋದು ನಿಲ್ಲಿಸಿ. ಅದನ್ನೇ ನೀರಲ್ಲಿ ನಾಲ್ಕೈದು ದಿನ ಕೊಳೆಸಿ, ತಿಳಿ ತೆಗೆದು, ಹತ್ತು ಪಟ್ಟು ನೀರು ಬೆರೆಸಿ ಹುಯ್ಯಿರಿ. ಇಲ್ಲಾಂದ್ರೆ ಬೇವಿನ ಹಿಂಡಿ ಹಾಕಿ, ಅದು ಕಹಿ, ತಿನ್ನೋಕೆ ಬರಲ್ಲ.

ಆಮೇಲೆ ಹಾರ್ಡ್‌ವೇರ್ ಅಂಗಡಿಯಿಂದ ಅರ್ಧ ಇಂಚಿನ ತಂತಿ ಜಾಳಿಗೆ ತನ್ನಿ. ಕುಂಡದ ಬಾಯಿ ಅಳತೆಗೆ ದುಂಡಗೆ ಕತ್ತರಿಸಿ, ಅಂಚಿನಿಂದ ನಡುವಿನ ತನಕ ಒಂದು ಸೀಳು ಕೊಡಿ, ಕಾಂಡಕ್ಕೆ ಸುತ್ತ ಜಾಗ ಬಿಟ್ಟು ಕೂರಿಸಿ, ಮೇಲೆ ತೆಳ್ಳಗೆ ಮಣ್ಣು ಹರಡಿ. ಕಾಲಿಗೆ ತಂತಿ ತಾಗಿದರೆ ಬಗೆಯೋದು ಬಿಡುತ್ತೆ. ಗುಲಾಬಿ, ಟೊಮೆಟೊಗೆ ಇದು ಸರಿ. ಮೆಂತ್ಯಕ್ಕೆ ಮೊಳಕೆ ಬರೋವರೆಗೆ ಸೊಳ್ಳೆ ಪರದೆ ಕಟ್ಟಿದರೆ ಸಾಕು. ಗಿಡಕ್ಕೆ ತೆಂಗಿನ ನಾರು ಹೊದಿಸಿದ್ರೆ ಅದನ್ನೂ ಗೂಡಿಗೆ ಒಯ್ಯುತ್ತೆ, ಒಂದು ಹಿಡಿ ನಾರು ಬೇರೆ ಕಡೆ ಇಟ್ಟುಬಿಡಿ.

ಹತ್ತಿ ಊರಿನವಳು, ರಾಯಚೂರು

ಗುಬ್ಬಿ ಡಬ್ಬಿ ಬಗ್ಗೆ ನಾನು ಹೇಳ್ತೀನಿ. ಮೊದಲು ಶೇಂಗಾ ತೆಗೆಯಿರಿ. ಗುಬ್ಬಿಗೆ ನವಣೆ, ಸಜ್ಜೆ, ನುಚ್ಚು ಸಾಕು, ಅಳಿಲಿಗೆ ಇವು ಅಷ್ಟು ಇಷ್ಟವಿಲ್ಲ. ಗೋಡೆಯಿಂದ ಗೋಡೆಗೆ ತಂತಿ ಎಳೆದು ನಡುವೆ ಡಬ್ಬಿ ತೂಗು ಹಾಕಿ, ಎರಡೂ ಕಡೆ ತಂತಿಗೆ ಪಿವಿಸಿ ಪೈಪಿನ ತುಂಡು ಪೋಣಿಸಿ. ಅಳಿಲು ಕಾಲಿಟ್ಟರೆ ಪೈಪು ಗಿರ್ರನೆ ತಿರುಗುತ್ತೆ, ದಾಟೋಕೆ ಆಗಲ್ಲ. ಡಬ್ಬಿ ಮೇಲೆ ಹಳೇ ಸ್ಟೀಲ್ ತಟ್ಟೆ ಬೋರಲು ಹಾಕಿ. ಮರ, ಗೋಡೆ, ನೀರಿನ ಟ್ಯಾಂಕ್‌ನಿಂದ ಎಂಟು ಹತ್ತು ಅಡಿ ದೂರ ಇರಲೇಬೇಕು, ಇಲ್ಲದಿದ್ರೆ ಹಾರಿ ಬರುತ್ತೆ. ನಿಮ್ಮ ಬೇವಿನ ಕೊಂಬೆಯ ತುದಿ ಮರದವರನ್ನು ಕೇಳಿ ಸವರಿಸಿ. ಕಂಬಕ್ಕೆ ಗ್ರೀಸ್ ಮಾತ್ರ ಹಚ್ಚಬೇಡಿ, ಅಳಿಲಿನ ಕೂದಲಿಗೂ ಹಕ್ಕಿ ಪುಕ್ಕಕ್ಕೂ ಮೆತ್ತಿದರೆ ಹೋಗೋದಿಲ್ಲ. ಒಂದು ಹೊತ್ತಿಗಾಗೋಷ್ಟೇ ಕಾಳು ಹಾಕಿ, ಬಿದ್ದದ್ದನ್ನು ಸಂಜೆ ಗುಡಿಸಿ. ಬಿಟ್ರೆ ಇಲಿ ಬರುತ್ತೆ, ಇಲಿ ಹಿಂದೆ ಹಾವು.

ಮಾಳಿಗೆ ತೋಟ, ಗಂಗಾವತಿ

ಜಾಳಿಗೆ ಇವತ್ತೇ ತರಿಸ್ತೀನಿ. ಕಾಳಿಗೆ ಖಾರದಪುಡಿ ಕಲಸಿದ್ರೆ ಹಕ್ಕಿಗೆ ತೊಂದರೆ ಇಲ್ವಾ?

ಮೆಣಸಿನಕಾಯಿ ರೈತ, ಸಿಂಧನೂರು

ಹಕ್ಕಿಗೆ ಖಾರ ಹತ್ತಲ್ಲ ರೀ. ಮೆಣಸಿನಕಾಯಿಗೆ ಖಾರ ಕೊಡೋ ಕ್ಯಾಪ್ಸೈಸಿನ್ ಅನ್ನೋ ಅಂಶ ನಮಗೆ, ಅಳಿಲಿಗೆ, ಇಲಿಗೆ ಉರಿ. ಹಕ್ಕಿಗೆ ಆ ಉರಿ ಗೊತ್ತಾಗೋದಿಲ್ಲ, ಅದಕ್ಕೇ ಹೊಲದಲ್ಲಿ ಹಣ್ಣು ಮೆಣಸಿನಕಾಯಿ ಕುಕ್ಕಿ ತಿಂದು ಬೀಜ ಹರಡುತ್ತವೆ. ಬ್ಯಾಡಗಿ ಪುಡಿ ಬೇಡ, ಅದು ಬಣ್ಣಕ್ಕೆ ಹೆಸರಾದದ್ದು, ಖಾರ ಕಮ್ಮಿ. ಗುಂಟೂರು ಪುಡಿ ತಗೊಳ್ಳಿ. ಒಂದು ಚಮಚ ಎಣ್ಣೆಯಲ್ಲಿ ಕಲಸಿ ಕಾಳಿಗೆ ಹಚ್ಚಿ. ಒಣ ಪುಡಿ ಉದುರಿಸಿದ್ರೆ ಮಾಳಿಗೆ ಗಾಳಿಗೆ ಹಾರಿ ಅಳಿಲಿನ ಕಣ್ಣಿಗೂ, ನಿಮ್ಮ ಮಕ್ಕಳ ಕಣ್ಣಿಗೂ ಬೀಳುತ್ತೆ. ಕುಂಡದ ಮಣ್ಣಿಗಂತೂ ಹಾಕಬೇಡಿ, ಅಳಿಲು ಬಗೆದ ಕೈಯಲ್ಲೇ ಮುಖ ಒರೆಸಿಕೊಳ್ಳುತ್ತೆ.

ಇನ್ನೊಂದು ಮಾತು. ಈ ಬಿಸಿಲಲ್ಲಿ ಅಳಿಲು ತಂಪು ಹುಡುಕಿಕೊಂಡೂ ಒದ್ದೆ ಮಣ್ಣಿಗೆ ಬರುತ್ತೆ, ಟೊಮೆಟೊ ಒಂದೇ ಕಡೆ ಕಚ್ಚಿ ಬಿಟ್ಟಿದ್ರೆ ಬಾಯಾರಿಕೆಯೂ ಇರಬಹುದು. ಬೇವಿನ ಮರದ ಬುಡದ ನೆರಳಲ್ಲಿ ಅಗಲ ಮಣ್ಣಿನ ಬೋಗುಣಿಗೆ ನೀರಿಡಿ, ನಡುವೆ ಒಂದು ಕಲ್ಲು ಹಾಕಿ, ಮರಿ ಬಿದ್ರೂ ಹತ್ತಿ ಬರಲಿ. ನೀರು ದಿನಾ ಬದಲಿಸಿ.